ಎಕ್ಸೋಸೋಮ್ ವಿವರಿಸಿದ ತಪ್ಪಿಗೆ

ವಿವರಿಸಿ ಹೇಳುವುದು ನನ್ನ ಚಟ. ಎದುರಿಗೆ ಕೂತವರಿಗೆ ಅರ್ಥವಾಗುವ ತನಕ ನಾನು ಬಿಡುವವಳಲ್ಲ. ಮದುವೆಯಾದ ಹೊಸತರಲ್ಲಿ, ಕಟಪಾಡಿಯ ನಮ್ಮ ಮನೆಯಲ್ಲಿ, ಪ್ರೆಶರ್ ಕುಕ್ಕರ್ ಹೇಗೆ ಕೆಲಸ ಮಾಡುತ್ತದೆಂದು ಅತ್ತೆಗೆ ವಿವರಿಸುತ್ತಾ ನಿಂತು ಬೇಳೆಯನ್ನು ತಳ ಹಿಡಿಸಿದ್ದೆ. "ನೀನು ಹೇಳಿದ್ದೆಲ್ಲ ಅರ್ಥ ಆಯ್ತು. ಇನ್ನು ಊಟಕ್ಕೆ ಎಂತ ಮಾಡುವುದು?" ಎಂದು ಅವರು ಕೇಳಿದರು. ಅಲ್ಲಿಗೇ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಮಣಿಪಾಲದ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಸ್ಕಿಜೋಫ್ರೇನಿಯಾ ಇರುವವರ ರಕ್ತ ತೆಗೆದು, ಅದರಲ್ಲಿರುವ ಎಕ್ಸೋಸೋಮ್ ಎಂಬ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಬೇರ್ಪಡಿಸುತ್ತೇವೆ. ಈ ವಿಷಯ ಎತ್ತಿದರೆ ಗಂಡ ಅರ್ಧ ಚಾ ಬಿಟ್ಟು ಎದ್ದು ಹೋಗುತ್ತಾರೆ. ಹಾಗಾಗಿ ಎರ್ಮಾಳಿನ ಗಿರಿಜಕ್ಕ ತನ್ನ ತಮ್ಮ ಸುಂದರನನ್ನು ಕರೆತಂದು, "ಈ ರಕ್ತ ಎಂತಕ್ಕೆ ಮೇಡಂ?" ಎಂದು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗಿರಿಜಕ್ಕ ಮೀನು ಮಾರುವವರು. ಸುಂದರನಿಗೆ ಹಿಂದೆ ಯಾರೋ ಕಿವಿಯಲ್ಲಿ ಬೈದ ಹಾಗೆ ಕೇಳಿಸುತ್ತಿತ್ತು. ಮಾತ್ರೆ ಶುರುವಾದ ಮೇಲೆ ಅದು ನಿಂತು, ಎರಡು ವರ್ಷದಿಂದ ಬಲೆ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದ.

ಕಾರ್ಕಳದಿಂದ ಉಡುಪಿಗೆ ಏನಾದರೂ ಕಳಿಸಬೇಕಾದರೆ ನಮ್ಮಲ್ಲಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ರೂಢಿ. ಬೇಕಾದವರು ಸ್ಟಾಪಿನಲ್ಲಿ ನಿಂತು ಇಳಿಸಿಕೊಳ್ಳುತ್ತಾರೆ. ನಾನು ಅದನ್ನೇ ಹಿಡಿದೆ. "ಮಿದುಳಿನ ಕೋಶಗಳೂ ಹಾಗೆಯೇ ಗಿರಿಜಕ್ಕ. ಒಂದು ಇನ್ನೊಂದಕ್ಕೆ ಈ ಗುಳ್ಳೆಗಳಲ್ಲಿ ಪಾರ್ಸೆಲ್ ಕಳಿಸ್ತದೆ. ಕೆಲವು ರಕ್ತಕ್ಕೂ ಬರ್ತವೆ. ಬಿಚ್ಚಿ ನೋಡಿದರೆ, ತಲೆ ತೆರೆಯದೆ ಒಳಗಿನ ಸುದ್ದಿ ಸ್ವಲ್ಪ ಸಿಗಬಹುದು." ಆ 'ಬಹುದು' ಮಾತ್ರ ಮೆಲ್ಲಗೆ ಬಂದಿರಬೇಕು.

"ಹಾಗಾದರೆ ಇವನ ಕಾಯಿಲೆ ಎಂತದ್ದು ಅಂತ ಗೊತ್ತಾಗ್ತದಾ?"

"ಅಷ್ಟು ಸುಲಭ ಇಲ್ಲ. ಮಾತ್ರೆ ತಿನ್ನುವವರ ಪಾರ್ಸೆಲಿನಲ್ಲಿ ಮಾತ್ರೆಯ ಪರಿಣಾಮವೂ ಸೇರಿರ್ತದೆ. ಯಾವುದು ಕಾಯಿಲೆ, ಯಾವುದು ಮದ್ದು ಅಂತ ಬೇರೆ ಮಾಡುವುದೇ ನಮಗೆ ತಲೆನೋವು."

ಹೇಳಬೇಕಾದದ್ದು ಬೇರೆಯೇ ಇತ್ತು. ಇದು ಸಂಶೋಧನೆ, ಸುಂದರನಿಗೆಂದು ರಿಪೋರ್ಟ್ ಬರುವುದಿಲ್ಲ, ಮಾತ್ರೆ ಒಂದು ದಿನವೂ ಬಿಡಬಾರದು. ಒಪ್ಪಿಗೆ ಪತ್ರದಲ್ಲಿ ಅದೆಲ್ಲ ಅಚ್ಚಾಗಿತ್ತು, ಸುಂದರ ಸಹಿಯನ್ನೂ ಹಾಕಿದ. ಅದನ್ನು ಓದಿ ಹೇಳಬೇಕಾದವಳು ನಾನು. ನನ್ನ ಹೋಲಿಕೆಯ ಖುಷಿಯಲ್ಲಿ ಆ ಪುಟವನ್ನೇ ಹಾರಿಸಿಬಿಟ್ಟೆ.

ಮೂರು ತಿಂಗಳ ನಂತರ, ಎರಡನೇ ಸಲ ರಕ್ತ ಕೊಡುವ ದಿನ, ಇಬ್ಬರೂ ಬಂದರು. ಸುಂದರ ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಯ ಕಡೆ ತಿರುಗಿ, ಯಾರನ್ನೋ ತುಳುವಿನಲ್ಲಿ ಬೇಡಿಕೊಳ್ಳುತ್ತಿದ್ದ. ಗಿರಿಜಕ್ಕನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಆದರೂ ಮುಖದಲ್ಲಿ, ಹೇಳಿದ ಕೆಲಸ ಮಾಡಿ ಮುಗಿಸಿದವರ ಒಂದು ಸಮಾಧಾನವಿತ್ತು.

"ಮೂರು ವಾರದಿಂದ ಮಾತ್ರೆ ಕೊಡಲಿಲ್ಲ ಮೇಡಂ. ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬರ್ಲಿಕ್ಕುಂಟಲ್ವಾ, ಹಾಗೆ. ನಿಮಗೆ ತಲೆನೋವು ಬೇಡ ಅಂತ. ಬೇಗ ರಕ್ತ ತೆಗೀರಿ, ಇನ್ನು ಇವನನ್ನು ಹಿಡಿದು ನಿಲ್ಲಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ಸುಂದರ ಒಂದೂವರೆ ತಿಂಗಳು ವಾರ್ಡಿನಲ್ಲಿದ್ದ. ಈಗ ಬೈಗಳು ಕೇಳಿಸುವುದಿಲ್ಲವಂತೆ. ಆದರೆ ಡೋಸ್ ಹೆಚ್ಚಾಗಿ ಕೈ ನಡುಗುತ್ತದೆ, ಬಲೆಯ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ನಾನು ಎರ್ಮಾಳಿಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ. ಗಿರಿಜಕ್ಕ ಚಾ ಕೊಟ್ಟು, "ನೀವೆಂತಕ್ಕೆ ಬೇಜಾರು ಮಾಡುದು? ನಿಮ್ಮ ಕೆಲಸವೂ ಹಾಳಾಯ್ತಲ್ವಾ. ನಾನು ಅವನನ್ನು ಇನ್ನೂ ಸ್ವಲ್ಪ ಗಟ್ಟಿ ಹಿಡಿದುಕೊಳ್ಳಬೇಕಿತ್ತು" ಎಂದರು. ನಾಲ್ಕು ಮಾತು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸು ಕಾಪು ದಾಟಿದರೂ ನನ್ನ ಅಳು ನಿಲ್ಲಲಿಲ್ಲ.

ಆ ದಿನ ರಕ್ತ ಮುಟ್ಟಲಿಲ್ಲ, ತಕ್ಷಣ ಡಾಕ್ಟರನ್ನು ಕರೆದೆ ಎಂದು ಎಲ್ಲರಿಗೂ ಹೇಳಿದ್ದೇನೆ, ಗಂಡನಿಗೂ. ಸುಳ್ಳಲ್ಲ. ಆದರೆ ಮಾತ್ರೆ ಬಿಟ್ಟವರ ಸ್ಯಾಂಪಲ್ ಎಷ್ಟು ಅಪರೂಪವೆಂದು ನಮ್ಮ ಲ್ಯಾಬಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಫೋನ್ ಕೈಗೆತ್ತಿಕೊಳ್ಳುವ ಮೊದಲು ನಾನು ಒಂದು ಖಾಲಿ ಟ್ಯೂಬ್ ತೆಗೆದು, ಅದರ ಮೇಲೆ ಸುಂದರನ ನಂಬರನ್ನು ದುಂಡಗೆ ಬರೆದಿದ್ದೆ.