ಮಗಳನ್ನು ನೋಡಲು ಬಂದ ಕೋಚ್

ಇಲ್ಲ, ಗೋಳಿಬಜೆಯೇ ಇರಬೇಕು. ಅಂಬೊಡೆ ಅಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಗುಂಡಗೆ ಏನೋ ಕಂಡ ಹಾಗೆ ನೆನಪು, ಅಂಬೊಡೆ ಗುಂಡಗಿರುವುದಿಲ್ಲ. ಆದರೆ ಹೆಂಡತಿ ವನಜಳನ್ನು ಕೇಳಿದರೆ ಆ ದಿನ ತಾನು ಒಲೆಯ ಮೇಲೆ ಬಾಣಲೆಯನ್ನೇ ಇಟ್ಟಿಲ್ಲ ಎನ್ನುತ್ತಾಳೆ. ಹಾಗಾದರೆ ಡಬ್ಬಿಯೊಳಗೆ ಇದ್ದದ್ದೇನು? ನೆನಪು ಎಂಬುದು ಹೀಗೇ, ಖಾಲಿ ಕಂಡಲ್ಲೆಲ್ಲ ತನಗಿಷ್ಟವಾದ ತಿಂಡಿ ತುಂಬಿಸಿ ಇಡುತ್ತದೆ. ಒಂದು ಮಾತ್ರ ಖಂಡಿತ. ಡಬ್ಬಿ ಹಿಡಿದುಕೊಂಡು ಮೈದಾನದ ಅಂಚಿನಲ್ಲಿ ಒಬ್ಬ ಅಮೆರಿಕನ್ ಹೆಂಗಸಿನ ಹಿಂದೆ ಓಡಿದವನು ನಾನೇ. ಅದನ್ನು ನಾಲ್ಕು ತಂಡಗಳ ಹುಡುಗಿಯರು, ಅವರ ತಂದೆತಾಯಿ ಮತ್ತು ಇಬ್ಬರು ಅಂಪೈರುಗಳು ನೋಡಿದ್ದಾರೆ!

ತೊಂಬತ್ತರ ಆಚೆಯೋ ಈಚೆಯೋ, ನಾವು ಮಸ್ಕತ್ತಿನ ಅಲ್ ಖುವೈರ್‌ನಲ್ಲಿದ್ದೆವು. ನಾನು ಉಡುಪಿ ಕಡೆಯವನು, ಒಂದು ಕಟ್ಟಡ ಗುತ್ತಿಗೆ ಕಂಪನಿಯಲ್ಲಿ ಟೆಂಡರ್ ಕಾಗದಗಳನ್ನು ಸಿದ್ಧಪಡಿಸುವ ಕೆಲಸ. ಟೆಂಡರಿನಲ್ಲಿ ಒಂದು ಜಾಗ ಖಾಲಿ ಬಿಟ್ಟರೆ ಇಡೀ ಟೆಂಡರೇ ಕಸದ ಬುಟ್ಟಿಗೆ. ಆದ್ದರಿಂದ ಕೇಳಿದ್ದನ್ನೆಲ್ಲ ಕೊಡುವುದು, ಕೇಳದ್ದನ್ನೂ ಲಗತ್ತಿಸುವುದು ನನ್ನ ವೃತ್ತಿಧರ್ಮ. ಈ ಧರ್ಮವೇ ನನ್ನನ್ನು ಮುಳುಗಿಸಿತು.

ನಮ್ಮ ಮಗಳು ಅಶ್ವಿನಿಗೆ ಆಗ ಹದಿನಾರು. ಭಾರತೀಯ ಶಾಲೆಯಲ್ಲಿ ಥ್ರೋಬಾಲ್ ಆಡುತ್ತಿದ್ದಳು. ನಮ್ಮ ಕಂಪನಿಯಲ್ಲಿ ಡೇವ್ ಎಂಬ ಅಮೆರಿಕನ್ ಎಂಜಿನಿಯರ್ ಇದ್ದ. ಅವನ ಮಗಳ ಸಾಫ್ಟ್‌ಬಾಲ್ ತಂಡದಲ್ಲಿ ಒಬ್ಬಳು ಕಡಿಮೆ ಬಿದ್ದಾಗ ಅಶ್ವಿನಿಯನ್ನು ಕರೆದುಕೊಂಡು ಹೋದ. ಸಾಫ್ಟ್‌ಬಾಲ್ ಎಂದರೆ ಏನು ಎಂದು ಓದುಗರು ಕೇಳಬಹುದು. ಕ್ರಿಕೆಟ್ಟಿನ ಹಾಗೆಯೇ, ಆದರೆ ಎಲ್ಲರಿಗೂ ಬಸ್ಸು ತಪ್ಪುವ ಅವಸರ. ಹೆಸರಿನಲ್ಲಿ ಸಾಫ್ಟ್ ಇದೆಯೇ ಹೊರತು ಚೆಂಡು ತೆಂಗಿನಕಾಯಿಯಷ್ಟು ಗಟ್ಟಿ. ಎಸೆಯುವವಳು ಕೈಯನ್ನು ಗಾಣದ ಹಾಗೆ ಸುತ್ತಿಸಿ ಸೊಂಟದ ಕೆಳಗಿನಿಂದ ಚೆಂಡನ್ನು ಬಿಡಬೇಕು. ಅವಳನ್ನು ಪಿಚರ್ ಎನ್ನುತ್ತಾರೆ. ಎರಡು ವರ್ಷದಲ್ಲಿ ಅಶ್ವಿನಿ ಆ ತಂಡದ ಪಿಚರ್ ಆದಳು. ಎಲ್ಲಿಂದ ಬಂತು ಆ ತೋಳು? ನನ್ನಿಂದ ಎಂದು ನಾನು ಹೇಳುತ್ತಿದ್ದೆ. ವನಜ ತಾನು ದಿನಾ ತಿರುಗಿಸುವ ಕಡೆಯುವ ಕಲ್ಲಿನ ಕಡೆ ನೋಡುತ್ತಿದ್ದಳು.

ಒಂದು ದಿನ ಡೇವ್ ಕ್ಯಾಂಟೀನಿನಲ್ಲಿ ಸುದ್ದಿ ಕೊಟ್ಟ. ಜನವರಿಯಲ್ಲಿ ಷೋಕೇಸ್ ಟೂರ್ನಮೆಂಟ್. ದುಬೈ, ಬಹ್ರೇನ್‌ನಿಂದಲೂ ತಂಡಗಳು ಬರುತ್ತವೆ. ಅಮೆರಿಕದ ಒಂದು ಸಣ್ಣ ಕಾಲೇಜಿನ ಕೋಚ್ ತನ್ನ ಅಣ್ಣನ ಮನೆಗೆಂದು ಮಸ್ಕತ್ತಿಗೆ ಬರುವವಳು ಎರಡು ದಿನ ಕೂತು ಆಟ ನೋಡುತ್ತಾಳೆ. ಮೆಚ್ಚಿದರೆ ಒಬ್ಬಳನ್ನು ತನ್ನ ತಂಡಕ್ಕೆ ತೆಗೆದುಕೊಳ್ಳುತ್ತಾಳೆ, ಓದೂ ಅಲ್ಲೇ. ಅವನು ಇನ್ನೂ ಏನೇನೋ ನಿಯಮಗಳನ್ನು ಹೇಳಿದನಂತೆ. ನನಗೆ ನೆನಪಿಲ್ಲ. ‘ಹುಡುಗಿಯನ್ನು ನೋಡಲು ಬರುತ್ತಾರೆ’ ಎಂಬಲ್ಲಿಗೆ ನನ್ನ ಕಿವಿ ಕೆಲಸ ನಿಲ್ಲಿಸಿತ್ತು.

ಅಶ್ವಿನಿಗೆ ಆ ಸುದ್ದಿ ಮೊದಲೇ ಗೊತ್ತಿತ್ತು. ತಿಂಗಳುಗಟ್ಟಲೆ ಶಾಲೆಯಿಂದ ಬಂದವಳೇ ಕಟ್ಟಡದ ಹಿಂದಿನ ಗೋಡೆಗೆ ಸೀಮೆಸುಣ್ಣದಲ್ಲಿ ಚೌಕ ಬರೆದು ಚೆಂಡು ಹೊಡೆಯುತ್ತಿದ್ದಳು. ಕೆಳಮನೆಯ ಮಲಯಾಳಿಗಳು ದೂರು ತಂದರು. ಅವಳು ಬಾಯಿಬಿಟ್ಟು ಏನನ್ನೂ ಕೇಳುವ ಹುಡುಗಿಯಲ್ಲ. ಡೇವ್ ನನಗೆ ಸುದ್ದಿ ಹೇಳಿದ ವಾರ ಮಾತ್ರ ಬಂದು ನನ್ನ ಕುರ್ಚಿಯ ಪಕ್ಕ ನಿಂತಳು.

“ಪಪ್ಪ, ನಂಗೆ ಇದು ಬೇಕು. ರಿಯಲಿ ಬೇಕು. ನೀವು ಬನ್ನಿ, ಕೂತ್ಕೊಳ್ಳಿ, ನೋಡಿ. ಬಟ್ ಪ್ಲೀಸ್, ಏನೂ ಮಾಡ್ಬೇಡಿ.”

ನಾಚಿಕೆ! ಹೆಣ್ಣು ನೋಡುವವರು ಬರುವ ಮೊದಲು ಎಲ್ಲ ಹುಡುಗಿಯರೂ ಹೀಗೇ ಅನ್ನುತ್ತಾರೆ ಎಂದುಕೊಂಡೆ.

ಮೊದಲು ಕೈಗೆ ಬಂದದ್ದು ಕೋಚ್ ಕಳಿಸಿದ ಒಂದು ಪುಟದ ಫಾರಂ. ಅದನ್ನು ಓದಿ ನನಗೆ ಬಹಳ ಸಮಾಧಾನವಾಯಿತು. ಎತ್ತರ ಎಷ್ಟು, ತೂಕ ಎಷ್ಟು, ತಂದೆಯ ಎತ್ತರ ಎಷ್ಟು, ತಾಯಿಯದ್ದೆಷ್ಟು, ಮಂಡಿ ಭುಜಗಳಿಗೆ ಹಿಂದೆ ಪೆಟ್ಟಾಗಿದೆಯೇ, ಕಣ್ಣು ಸರಿ ಇದೆಯೇ. ನಮ್ಮ ಕಡೆಯ ಗಂಡಿನ ತಾಯಂದಿರು ಇದನ್ನೇ ಸುತ್ತಿ ಬಳಸಿ ಕೇಳುತ್ತಾರೆ. ಈ ಅಮೆರಿಕನ್ನರು ನೇರವಾಗಿ ಅಚ್ಚು ಹಾಕಿಸಿಯೇ ಕೇಳಿದ್ದರು. ಸಂಸ್ಕಾರವಂತರು, ಅವರಿಗೂ ಮನೆತನ ಮುಖ್ಯ ಎನಿಸಿತು.

ಒಂದು ಪುಟ ಟೆಂಡರಿಗೆ ಸಾಲದು. ತಂಗಿಯ ಮದುವೆಯ ಸಮಯದಲ್ಲಿ ನಾನೇ ತಯಾರಿಸಿದ ಬಯೋಡೇಟಾ ಒಂದಿತ್ತು, ಕಳಿಸಿದ ಮೂರನೆಯ ಮನೆಯಲ್ಲೇ ಗಂಡು ಒಪ್ಪಿದ ಯಶಸ್ವಿ ದಾಖಲೆ. ಅದನ್ನು ಮುಂದಿಟ್ಟುಕೊಂಡು ಆಫೀಸಿನ ಎಲೆಕ್ಟ್ರಿಕ್ ಟೈಪ್‌ರೈಟರಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಪುಟ ಹೊಡೆದೆ. ಗೋಧಿ ಬಣ್ಣ, ಮೃದು ಸ್ವಭಾವ, ಹಿರಿಯರಲ್ಲಿ ಗೌರವ, ನಕ್ಷತ್ರ ಮೃಗಶಿರಾ, ಸಂಗೀತ ಎರಡು ವರ್ಷ, ಸೋದರಮಾವ ಬ್ಯಾಂಕಿನಲ್ಲಿ. ಎಸೆತದ ವೇಗ ಎಂಬಲ್ಲಿ ‘ತೃಪ್ತಿಕರ’ ಎಂದು ತುಂಬಿದೆ. ಫೋಟೋ ಕೇಳಿದ್ದರು. ರೂವಿ ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು ಒಂದಿತ್ತು. ಅವಳ ಚಿಕ್ಕಮ್ಮನ ರೇಷ್ಮೆ ಸೀರೆ, ಮುಡಿಯಲ್ಲಿ ಹೂವು, ಹಿಂದೆ ಬಣ್ಣ ಬಳಿದ ಜಲಪಾತ. ಅದನ್ನೇ ಅಂಟಿಸಿದೆ.

ವನಜ ನಾಲ್ಕೂ ಪುಟ ಓದಿದಳು.

“ಅಲ್ಲ ಮಾರಾಯ್ರೆ, ನೀವು ಅವಳನ್ನು ಆಡ್ಲಿಕ್ಕೆ ಕಳಿಸುದಾ, ಮದುವೆ ಮಾಡಿ ಕೊಡುದಾ?”

ಎರಡಕ್ಕೂ ಕ್ರಮ ಒಂದೇ ಎಂದೆ. ನೋಡುತ್ತಾರೆ, ಅಳೆಯುತ್ತಾರೆ, ಒಪ್ಪಿದರೆ ಪತ್ರ ಬರೆಯುತ್ತಾರೆ, ಹುಡುಗಿ ಅವರ ಮನೆಗೆ ಹೋಗುತ್ತಾಳೆ. ವ್ಯತ್ಯಾಸ ಎಲ್ಲಿದೆ ತೋರಿಸು ಎಂದೆ. ಅವಳು ತೋರಿಸಲಿಲ್ಲ. ಇದನ್ನು ನನ್ನ ಗೆಲುವು ಎಂದು ಆಗ ಬರೆದಿಟ್ಟುಕೊಂಡೆ. ಪಾಪ, ಬೇಸತ್ತು ಸುಮ್ಮನಾದಳು ಎಂದು ಈಗ ಅನಿಸುತ್ತದೆ. ಆ ಕಾಗದ ಕೋಚ್‌ಗೆ ತಲುಪಿತು. ಮೃಗಶಿರಾ ಎನ್ನುವುದು ಹುಡುಗಿ ಭಾರತದಲ್ಲಿ ಆಡಿದ ತಂಡವೇ ಎಂದು ಆಕೆ ಡೇವ್‌ನನ್ನು ವಿಚಾರಿಸಿದರಂತೆ.

ಟೂರ್ನಮೆಂಟ್ ಗುರುವಾರ, ಶುಕ್ರವಾರ. ಮೈದಾನ ಎಂದರೆ ಹುಲ್ಲಿನದಲ್ಲ, ರೋಲರ್ ಓಡಿಸಿ ಗಟ್ಟಿ ಮಾಡಿದ ಮರಳು, ಒಂದು ಕಡೆ ತಂತಿಬಲೆ, ಇನ್ನೊಂದು ಕಡೆ ಸಾಲಾಗಿ ನಿಂತ ಕಾರುಗಳು. ಕೋಚ್ ಹೆಲನ್ ಎಂಬವರು ಐವತ್ತರ ಆಸುಪಾಸಿನ ಎತ್ತರದ ಹೆಂಗಸು. ದೊಡ್ಡ ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಕುತ್ತಿಗೆಯಲ್ಲಿ ಸ್ಟಾಪ್‌ವಾಚು, ತೊಡೆಯ ಮೇಲೆ ಬರೆಯುವ ಹಲಗೆ. ಕೈಯಲ್ಲಿ ಪೊಲೀಸರು ಕಾರಿನ ವೇಗ ಹಿಡಿಯುವಂಥ ಯಂತ್ರ. ಹುಡುಗಿ ಎಸೆದ ಕೂಡಲೇ ಅದರತ್ತ ನೋಡುವುದು, ಏನೋ ಗೀಚುವುದು. ನಗು ಇಲ್ಲ, ತಲೆಯಾಡಿಸುವುದೂ ಇಲ್ಲ. ನಮ್ಮೂರಿನಲ್ಲಿ ಎಷ್ಟೋ ಬೀಗಿತ್ತಿಯರನ್ನು ನೋಡಿದ್ದೇನೆ, ಇಷ್ಟು ಬಿಗುವಾದವರನ್ನು ಕಂಡಿರಲಿಲ್ಲ. ಮಗಳು ಮೊದಲ ದಿನ ಚೆನ್ನಾಗಿ ಆಡಲಿಲ್ಲ. ಚೆಂಡನ್ನು ಬ್ಯಾಟಿಗೆ ಎಟುಕದಷ್ಟು ದೂರ ಎಸೆದು, ನಾಲ್ಕು ಜನರಿಗೆ ಹೊಡೆಯದೆಯೇ ಮುಂದೆ ಹೋಗಲು ದಾರಿ ಕೊಟ್ಟಳು. ಮನೆಗೆ ಬಂದವಳೇ ಮತ್ತೆ ಗೋಡೆಗೆ ಚೆಂಡು ಹೊಡೆಯಲು ಹೋದಳು. ಶುಕ್ರವಾರ ಒಂದೇ ಆಟ ಬಾಕಿ.

ಆಗಲೇ ನನಗೆ ಹೊಳೆದದ್ದು! ಬಂದವರಿಗೆ ನಾವು ಒಂದು ಲೋಟ ಕಾಫಿಯನ್ನೂ ಕೊಟ್ಟಿಲ್ಲ. ತಿಂಡಿ ಇಲ್ಲದೆ ಹೆಣ್ಣು ತೋರಿಸಿದ ಮನೆ ಯಾವುದಾದರೂ ಉಂಟೇ? ಹೀಗೆ ಶುಕ್ರವಾರ ಬೆಳಿಗ್ಗೆ ಆ ಡಬ್ಬಿ ಸಿದ್ಧವಾಯಿತು. ಯಾರು ಕರಿದರು ಎಂಬ ವಿವಾದ ಇನ್ನೂ ಬಗೆಹರಿದಿಲ್ಲ.

ಆಟ ಶುರುವಾಗುವ ಮೊದಲೇ ಕೋಚ್ ಹೆಲನ್ ಮುಂದೆ ನಿಂತು ಡಬ್ಬಿ ಚಾಚಿದೆ. ಆಕೆ ಅರ್ಧ ನಕ್ಕು “ನೋ, ಥ್ಯಾಂಕ್ ಯೂ” ಎಂದರು. ಮರ್ಯಾದಸ್ಥರು ಯಾರೂ ಒಂದನೆಯ ಸಲಕ್ಕೇ ಕೈ ಹಾಕುವುದಿಲ್ಲ. ನಾನು ಕೂಡಾ ನನ್ನ ಮಾವನ ಮನೆಯಲ್ಲಿ ಹೊಟ್ಟೆ ಚುರುಗುಟ್ಟುತ್ತಿರುವಾಗ ಎರಡು ಸಲ ಬೇಡ ಎಂದವನು. ಬೇಡ ಎನ್ನುವುದು ಅತಿಥಿಯ ಕೆಲಸ, ಒತ್ತಾಯಿಸುವುದು ಮನೆಯವರ ಕೆಲಸ. ಮೂರನೆಯ ಒತ್ತಾಯಕ್ಕೆ ಎಲ್ಲರೂ ತೆಗೆದುಕೊಳ್ಳುತ್ತಾರೆ. ಮೂರನೆಯದನ್ನು ಮಾಡದ ಮನೆಯವರ ಬಗ್ಗೆ ಆಮೇಲೆ ಊರಿಡೀ ಮಾತು.

ಮೂರನೆಯ ಇನ್ನಿಂಗ್ಸಿನ ಹೊತ್ತಿಗೆ ಎರಡನೆಯ ಒತ್ತಾಯ ಮಾಡಿದೆ. ಆಕೆ ನಗಲಿಲ್ಲ. ಕುರ್ಚಿಯನ್ನು ಎತ್ತಿಕೊಂಡು ಇನ್ನೊಂದು ಮೂಲೆಗೆ ಹೋಗಿ ಕೂತರು. ಎರಡನೆಯ ಸಲದ ಬೇಡ ಹಾಗೇ ಸ್ವಲ್ಪ ಗಟ್ಟಿಯಾಗಿಯೇ ಇರಬೇಕು! ನಾನು ಒಳಗೊಳಗೇ ಮೆಚ್ಚಿಕೊಂಡೆ. ವನಜ ನನ್ನ ಅಂಗಿ ಹಿಡಿದೆಳೆದು, ಆ ಹೆಂಗಸಿಗೆ ನಿಮ್ಮನ್ನು ಕಂಡರೆ ಹೆದರಿಕೆ ಆಗ್ತಾ ಉಂಟು ಎಂದಳು. ಮೈದಾನದ ನಡುವಿನಿಂದ ಅಶ್ವಿನಿ ನನ್ನ ಕಡೆ ಒಂದು ಸಲ ನೋಡಿದಳು. ಹುಮ್ಮಸ್ಸು ಕೊಡಲು ನಾನು ಡಬ್ಬಿ ಎತ್ತಿ ತೋರಿಸಿದೆ.

ಏಳನೆಯ, ಅಂದರೆ ಕೊನೆಯ ಇನ್ನಿಂಗ್ಸ್ ಬಂತು. ನಮ್ಮವರು ಒಂದು ರನ್ ಮುಂದಿದ್ದರು. ಎದುರಿನ ಬಹ್ರೇನ್ ತಂಡಕ್ಕೆ ಮೂರು ಔಟ್ ಆಗುವವರೆಗೆ ಅವಕಾಶ. ಅಶ್ವಿನಿ ಚೆಂಡು ಹಿಡಿದು ನಡುವೆ ಬಂದು ನಿಂತಳು. ಇದೇ ಸರಿಯಾದ ಸಮಯ, ಇನ್ನು ಹತ್ತು ನಿಮಿಷದಲ್ಲಿ ಕೋಚ್ ಹೊರಟೇಬಿಡುತ್ತಾರೆ ಎಂದು ನನಗನ್ನಿಸಿತು. ಎದ್ದೆ. ನಾನು ಎದ್ದದ್ದನ್ನು ಆಕೆ ಕಂಡರು. ಆಕೆಯೂ ಎದ್ದರು. ನಾನು ಬೇಗ ನಡೆದೆ. ಆಕೆ ಇನ್ನೂ ಬೇಗ ನಡೆದರು. ಕಾರುಗಳ ಸಾಲಿನ ಹತ್ತಿರ ಬರುವಾಗ ಇಬ್ಬರೂ ಓಡುತ್ತಿದ್ದೆವು ಎನ್ನುವುದು ವನಜಳ ಹೇಳಿಕೆ. ನಾನು ಮಾತ್ರ ಓಡುತ್ತಿದ್ದೆ ಎಂದು ನನ್ನ ನೆನಪು. ಆಕೆಯ ಟೋಪಿ ಬಿತ್ತು. ಅದನ್ನು ಹೆಕ್ಕಿ ಇನ್ನೊಂದು ಕೈಯಲ್ಲಿ ಹಿಡಿದೆ.

ಆಕೆ ಒಂದು ಲ್ಯಾಂಡ್ ಕ್ರೂಸರ್ ಹತ್ತಿ ಬಾಗಿಲು ಹಾಕಿಕೊಂಡರು. ಗಾಜನ್ನು ಎರಡು ಬೆರಳು ಇಳಿಸಿದರು.

“ಸರ್, ನಾನು ನಿಮ್ಮ ಜೊತೆ ಮಾತಾಡುವ ಹಾಗಿಲ್ಲ, ನಿಮ್ಮಿಂದ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಹಾಗೆ ಮಾಡಿದರೆ ನಿಮ್ಮ ಮಗಳನ್ನು ಆಯ್ಕೆ ಮಾಡುವ ಹಾಗೇ ಇಲ್ಲ. ದಯವಿಟ್ಟು ಹೋಗಿ. ನನಗೆ ಆಟ ನೋಡಬೇಕು.”

ಇದು ಇಂಗ್ಲಿಷಿನಲ್ಲಿತ್ತು. ನನಗೆ ಕನ್ನಡದಲ್ಲಿ ನೆನಪಿದೆ. ಎದೆಗೆ ಬಡಿದದ್ದು ಸ್ವಂತ ಭಾಷೆಯಲ್ಲೇ ಉಳಿಯುತ್ತದೋ ಏನೋ.

ಮರ್ಯಾದಸ್ಥನಾದವನು ಕೂಡಲೇ ಹೋಗಬೇಕಿತ್ತು. ನಾನು ಕ್ಷಮೆ ಕೇಳಲು ನಿಂತೆ! ಕಾರಿನ ಮುಂದೆ ಬಂದು, ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಟೋಪಿ, ಎರಡನ್ನೂ ಸೇರಿಸಿ ಕೈ ಮುಗಿಯಲು ಪ್ರಯತ್ನಿಸಿದೆ. ಆಕೆ ಒಳಗಿನಿಂದ ಪಕ್ಕಕ್ಕೆ ಸರಿ ಎಂಬಂತೆ ಕೈಬೀಸಿದರು. ಕ್ಷಮಿಸಿದ್ದೇನೆ ಎನ್ನುತ್ತಿದ್ದಾರೆ ಎಂದುಕೊಂಡು ಇನ್ನೊಮ್ಮೆ ಬಗ್ಗಿದೆ. ಬೆನ್ನ ಹಿಂದೆ ಮೈದಾನದಲ್ಲಿ ಒಂದು ಕೂಗು ಎದ್ದಿತು. ಮತ್ತೊಂದು. ಮೂರನೆಯ ಕೂಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಾನು ತಿರುಗಿದಾಗ ಹುಡುಗಿಯರೆಲ್ಲ ಅಶ್ವಿನಿಯ ಮೇಲೆ ಬಿದ್ದಿದ್ದರು. ಈ ಆಟದಲ್ಲಿ ಮೂರು ಎಸೆತ ತಪ್ಪಿದವಳು ಔಟ್. ಒಂಬತ್ತು ಎಸೆತ, ಮೂರು ಔಟ್. ಒಬ್ಬಳ ಬ್ಯಾಟಿಗೂ ಚೆಂಡು ತಾಗಲಿಲ್ಲ. ಹೀಗೆಂದು ಆಮೇಲೆ ಎಲ್ಲರೂ ಹೇಳಿದರು.

ನಿಯಮ ಏನೆಂದು ಡೇವ್ ನಿಧಾನವಾಗಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ. ಟೂರ್ನಮೆಂಟ್ ಮುಗಿಯುವವರೆಗೆ ಕೋಚ್ ಹುಡುಗಿಯ ಮನೆಯವರಿಗೆ ಹಲೋ ಹೇಳಬಹುದು, ಅಷ್ಟೆ. ಹುಡುಗಿಯ ಕಡೆಯಿಂದ ಆಕೆ ಒಂದು ತುಂಡು ಬಾಯಿಗಿಟ್ಟರೂ ಹುಡುಗಿಗೇ ಕುತ್ತು. ಅಂದರೆ ಆಕೆ ಓಡಿದ್ದು ನನ್ನ ಮಗಳನ್ನು ಉಳಿಸಲಿಕ್ಕೆ. ಹಿಂದೆ ಬಿದ್ದು ಓಡಿಸಿದವನು ಹುಡುಗಿಯ ತಂದೆ.

ಮನೆಗೆ ಹೋಗುವ ದಾರಿಯಲ್ಲಿ ಅಶ್ವಿನಿ ಹಿಂದಿನ ಸೀಟಿನಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಏನೋ ಹೇಳಲು ಹೊರಟಾಗ ವನಜ ನನ್ನ ಮೊಣಕೈ ಒತ್ತಿದಳು.

“ಈಗ ಎಂತದೂ ಬೇಡ. ಗಾಡಿ ಓಡಿಸಿ.”

ಏಪ್ರಿಲ್‌ನಲ್ಲೋ ಮೇನಲ್ಲೋ ಪತ್ರ ಬಂತು. ಈ ವರ್ಷ ತಂಡದಲ್ಲಿ ಜಾಗವಿಲ್ಲ, ಶುಭವಾಗಲಿ ಎಂದು ಎರಡೇ ಸಾಲು. ಡೇವ್‌ನ ಮಗಳಿಗೂ ಅದೇ ಎರಡು ಸಾಲು ಬಂದಿತ್ತು. ಬಹ್ರೇನಿನ ಒಬ್ಬಳು ಆಯ್ಕೆಯಾದಳು ಎಂದು ಸುದ್ದಿ. ಅಶ್ವಿನಿ ಮಂಗಳೂರಿನಲ್ಲಿ ಬಿ.ಕಾಂ. ಮಾಡಿದಳು. ಅಲ್ಲಿ ಸಾಫ್ಟ್‌ಬಾಲ್ ಇರಲಿಲ್ಲ.

ವರ್ಷಗಳ ಮೇಲೆ, ಅವಳಿಗೆ ಬೇಸರವಾಗದ ಹೊತ್ತು ನೋಡಿ ಒಂದು ಸಲ ಕೇಳಿದೆ. ಆ ಒಂಬತ್ತು ಎಸೆತ ಆ ಹೆಂಗಸಿಗೆ ಕಂಡಿತ್ತಾ ಅಂತ.

“ಕಂಡಿತ್ತು ಪಪ್ಪ. ಅವ್ರು ನೋಡಿದ್ರು,” ಎಂದಳು ಕೂಡಲೇ. ಅಷ್ಟು ಬೇಗ ಬಂದ ಉತ್ತರ ನಿಜವೋ, ನನಗಾಗಿ ಮಾಡಿಟ್ಟದ್ದೋ ತಿಳಿಯಲಿಲ್ಲ. ಕಾರು ಮೈದಾನಕ್ಕೆ ಬೆನ್ನು ಹಾಕಿ ನಿಂತಿತ್ತು ಎನ್ನುತ್ತಾಳೆ ವನಜ. ಹಾಗಿದ್ದರೆ ನಾನು ಅಡ್ಡ ನಿಂತದ್ದಕ್ಕೆ ಅರ್ಥವೇ ಇಲ್ಲ, ನನ್ನ ತಪ್ಪೂ ಅರ್ಧ ಕಡಿಮೆ. ಮೈದಾನಕ್ಕೇ ಮುಖ ಮಾಡಿತ್ತು ಎಂದು ನನ್ನ ನೆನಪು. ಹಾಗಿದ್ದರೆ ಗಾಜಿನಾಚೆ ಆಕೆಗೆ ಕಂಡದ್ದು ನನ್ನ ಹೊಟ್ಟೆ ಮಾತ್ರ. ಆಕೆಯ ಕಪ್ಪು ಕನ್ನಡಕದ ಹಿಂದಿನ ಕಣ್ಣು ನನ್ನನ್ನು ನೋಡುತ್ತಿತ್ತೋ, ನನ್ನನ್ನು ದಾಟಿ ಮಗಳನ್ನು ನೋಡುತ್ತಿತ್ತೋ ನನಗೆ ಗೊತ್ತಿಲ್ಲ. ಪತ್ರದ ಎರಡು ಸಾಲಿಗೆ ಕಾರಣ ನಾನೋ, ಗುರುವಾರದ ಆಟವೋ, ಬಹ್ರೇನಿನ ಹುಡುಗಿಯ ತೋಳೋ, ಅದೂ ಗೊತ್ತಿಲ್ಲ. ಆ ಒಂಬತ್ತು ಎಸೆತ ಹೇಗಿದ್ದವು ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ಬರುವುದಿಲ್ಲ. ನಾನು ನೋಡಲಿಲ್ಲ.