ಮೇಷ್ಟರ ಕೆಂಪು ಪಟ್ಟೆ

ಅಶೋಕವೃಕ್ಷದ ತಣ್ಣೆಳಲಲ್ಲಿ ವಿರಾಜಿಸಿ, ಹುಲ್ಲೆಸಳಿಗೂ ಅಭಯವಿತ್ತ ಜಿನೇಶ್ವರನಿಗೆ ತಲೆಬಾಗಿ ಈ ಕತೆಯನ್ನು ತೊಡಗುತ್ತೇನೆ.

ಹಳೇಬೀಡಿನ ಶಾಂತಿನಾಥಯ್ಯನವರು ನಮ್ಮ ಸೀಮೆಯಲ್ಲಿ ಅರಣ್ಯಶಾಸ್ತ್ರವನ್ನು ಬೋಧಿಸಿದ ಮೊದಲಿಗರು. ಮೂವತ್ತು ವರ್ಷ ಫಾರೆಸ್ಟ್ ಗಾರ್ಡುಗಳಿಗೆ ಪಾಠ ಹೇಳಿ ನಿವೃತ್ತರಾಗಿದ್ದರೂ ಅವರ ಮೊದಲ ಸೂತ್ರಕ್ಕೆ ನಿವೃತ್ತಿಯಿರಲಿಲ್ಲ: ಕಡಿಯಬೇಕಾದ ಮರಕ್ಕೆ ಮೊದಲು ಕೆಂಪು ಪಟ್ಟೆ ಬಳಿಯತಕ್ಕದ್ದು.

೧೯೮೧ರ ಆಷಾಢ. ಅವರೇ ನೆಟ್ಟಿದ್ದ ಅಂಗಳದ ನೀಲಗಿರಿ ಮರ ಮನೆಯ ಹೆಂಚಿನತ್ತ ಕುಡುಕನಂತೆ ವಾಲಿತ್ತು. ಸಂಜೆಯ ಗಾಳಿಗೆ ಬಿದ್ದರೆ ಮನೆ ಪುಡಿಪುಡಿ! ಬೆಳಗಾಗುತ್ತಲೇ ಅದಕ್ಕೆ ಕೆಂಪು ಬಣ್ಣದ ಪಟ್ಟೆ ಬಳಿದು, ಮರ ಕಡಿಯುವ ಕಸುಬಿನ, ಪಕ್ಕದ ಊರು ಹಗರೆಯ ಉಗ್ರಪ್ಪನಿಗೆ ಬಸ್ ಕಂಡಕ್ಟರನ ಮೂಲಕ ಹೇಳಿಕಳಿಸಿದರು. ಕುಂಚದಲ್ಲುಳಿದ ಬಣ್ಣವನ್ನು ಪಕ್ಕದ ಸಂಪಿಗೆಮರಕ್ಕೆ ಒರೆಸಿ ಬಸದಿಗೆ ನಡೆದರು. ಆ ಸಂಪಿಗೆಯೋ, ಮೊದಲ ತಂಡದ ಶಿಷ್ಯರು ಕಾಣಿಕೆಯಿತ್ತ ಸಸಿ. ಅವರ ಪ್ರಾಣಕ್ಕೆ ಸಮಾನ.

ಮರಳಿ ಬಂದರೆ ಅಂಗಳದ ತುಂಬ ಜನ! ನೀಲಗಿರಿಯ ಪಟ್ಟೆಯ ಮೇಲೆ ಅಂಗೈ ದಪ್ಪ ಅರಿಸಿನ ಕುಂಕುಮ, ಬುಡದಲ್ಲಿ ದೀಪ.

"ಏನ್ರಮ್ಮಾ ಇದು?"

"ಬಸದಿಗೆ ಹೋಗೋ ಮೇಷ್ಟ್ರೇ ಮರಕ್ಕೆ ಕುಂಕುಮ ಇಟ್ಟವ್ರೆ ಅಂದ್ಮೇಲೆ ಅದ್ರ ಮಹಿಮೆ ಎಷ್ಟಿರ್ಬೇಕು!" ಎಂದಳು ನೆರೆಮನೆಯ ರುದ್ರಮ್ಮ.

"ಅದು ಬಣ್ಣ ಕಣಮ್ಮಾ!"

"ದ್ಯಾವ್ರಿಗೆ ಯಾವ್ದಾದ್ರೇನು, ಬುಡಿ," ಎಂದು ಅವಳ ಪಕ್ಕದಲ್ಲಿ ನಿಂತಿದ್ದ ಗಿಡ್ಡಮ್ಮ ಕಾಯಿ ಒಡೆದೇಬಿಟ್ಟಳು.

ಅಷ್ಟರಲ್ಲಿ ಬಸ್ಸಿಳಿದು ಬಂದ ಉಗ್ರಪ್ಪ ಮರವನ್ನು ಕಂಡವನೇ ಕೊಡಲಿ ಕೆಳಗಿಟ್ಟು ಕೈಮುಗಿದ. "ಕುಂಕುಮ ಇಟ್ಟ ಮರಕ್ಕೆ ಏಟಾಕಿದ್ರೆ ನನ್ ಕೈ ಬಿದ್ದೋಯ್ತದೆ ಮೇಷ್ಟ್ರೇ!"

ಮೇಷ್ಟರ ಮೂವತ್ತು ವರ್ಷದ ರಕ್ತ ಕುದಿಯಿತು. ಬಾವಿಕಟ್ಟೆಯನ್ನೇರಿ ಪಾಠ ಆರಂಭಿಸಿದರು. "ಕೇಳಯ್ಯಾ! ಮುಟ್ಟಿದರೆ ಬೆರಳಿಗೆ ಹತ್ತೋದು ಕುಂಕುಮ. ಹತ್ತದೇ ಇರೋದು ಬಣ್ಣ. ಬಣ್ಣ ಇರೋ ಮರವನ್ನ ಕಡೀಬೇಕು. ಹೇಳು!"

"ಬಣ್ಣ ಇರೋ ಮರ ಕಡೀಬೇಕು!" ಉಗ್ರಪ್ಪನೊಡನೆ ಅಂಗಳವೆಲ್ಲ ಕೂಗಿತು.

ಹಿಗ್ಗಿದ ಮೇಷ್ಟರು ಊಟಕ್ಕೆ ಕುಳಿತರು. ಹೊರಗೆ ಕೊಡಲಿಯ ಸದ್ದು. ಪ್ರತಿ ಏಟೂ ಅವರ ಕಿವಿಗೆ ಬಸದಿಯ ಘಂಟಾನಾದ. ಧಡಾರ್! ಒಂದು ಹೆಂಚೂ ಅಲುಗಲಿಲ್ಲ. ಮನೆ ಉಳಿಯಿತೆಂದು ಎಂಜಲುಗೈಯಲ್ಲೇ ಹೊರಗೋಡಿದರು.

ನೀಲಗಿರಿ ಹಾರ ಹಾಕಿಸಿಕೊಂಡು ನಿಂತಿತ್ತು. ಸಂಪಿಗೆ ನೆಲ ಹಿಡಿದಿತ್ತು!

"ಅಯ್ಯೋ, ಏನ್ ಮಾಡ್ಬಿಟ್ಟೆಯೋ ಉಗ್ರಪ್ಪಾ!"

"ನೀವು ಯೋಳ್ಕೊಟ್ಟಂಗೇ ಸ್ವಾಮಿ! ಆ ಮರ ಮುಟ್ಟಿದ್ರೆ ಕೈಯೆಲ್ಲಾ ಕುಂಕುಮ. ಈ ಸಂಪಿಗೆ ಮೇಲಿನ ಕೆಂಪನ್ನ ಎಷ್ಟು ಉಜ್ಜಿದ್ರೂ ಬೆರಳಿಗೆ ಒಂಚೂರೂ ಹತ್ತಲಿಲ್ಲ. ಬಣ್ಣ ಅಲ್ವರಾ?"

ಮೂವತ್ತು ವರ್ಷಗಳಲ್ಲಿ ಯಾವ ಶಿಷ್ಯನೂ ಇಷ್ಟು ಚೊಕ್ಕವಾಗಿ ಪಾಠ ಒಪ್ಪಿಸಿರಲಿಲ್ಲ. ಆಗಲೇ ಗಾಳಿ ಭರ್ರೆಂದು ಬೀಸಿ, ನೀಲಗಿರಿ ಹೆಂಚಿನತ್ತ ಇನ್ನೊಂದು ಗೇಣು ಬಾಗಿತು.

"ನೋಡ್ರಿ ಮೇಷ್ಟ್ರೇ," ರುದ್ರಮ್ಮ ಕೆನ್ನೆ ತಟ್ಟಿಕೊಂಡಳು, "ನಿಮ್ಮನೆ ಕಡೀಕೇ ಬಗ್ಗಿ ಆಶೀರ್ವಾದ ಮಾಡ್ತಾವ್ನೆ!"

ಇದನ್ನು ಕೇಳಿದವರೆಲ್ಲರ ಅಂಗಳದ ಮರಗಳು ನೆಟ್ಟಗೆ ಬೆಳೆಯಲಿ, ಸಂಪಿಗೆಗಳು ಕೊಡಲಿ ಕಾಣದೆ ಅರಳಲಿ, ಸೂರು ಭದ್ರವಾಗಿರಲಿ. ಸಕಲ ಜೀವಗಳಿಗೂ ಮಂಗಳವಾಗಲಿ.