ಸೊಪ್ಪು ತಿನ್ನೋ ಡೈನೋ ಸಾರ್

ನಾನು ಯಾವ ಊರಿಗೆ ಮೇಷ್ಟ್ರಾಗಿ ಹೋದ್ರೂ ಮಕ್ಕಳಿಗಿಂತ ಮೊದಲು ಎಡವಟ್ಟು ಬಂದು ಹಾಜರಿ ಹಾಕ್ತದೆ. ಒಂದು ದಿನಾನೂ ರಜಾ ತಗೊಂಡಿದ್ದಿಲ್ಲ.

ಮಹಾರಾಜರು ರಾಜಪ್ರಮುಖರಾಗಿದ್ದ ಕಾಲ ಅದು. ತೆರಕಣಾಂಬಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದ್ರೆ ಸಿಗೋ ಊರಲ್ಲಿ ನಾನು ಹಂಗಾಮಿ ಮೇಷ್ಟ್ರು. ಆಗಷ್ಟೇ ಮದುವೆ ಆಗಿತ್ತು. ಕುದೇರಿನ ನಮ್ಮ ಮಾವ, "ಮೊದ್ಲು ಕೆಲಸ ಖಾಯಂ ಆಗ್ಲಿ ಅಳಿಯಂದ್ರೇ, ಆಮೇಲೆ ಮಗಳನ್ನ ಕಳಿಸ್ತೀನಿ" ಅಂದುಬಿಟ್ಟಿದ್ರು. ಖಾಯಂ ಮಾಡಿ ಅಂತ ಬರೆಯೋದು ಸ್ಕೂಲ್ ಇನ್ಸ್‌ಪೆಕ್ಟರು. ಅವರು ಗುರುವಾರ ಬರೋರಿದ್ರು. ಅಂದ್ರೆ ನನ್ನ ಸಂಸಾರ ಶುರುವಾಗೋದು ಗುರುವಾರದ ಮೇಲೆ ನಿಂತಿತ್ತು.

ಆಟ ಆಡಿಸ್ತಾ ಪಾಠ ಹೇಳಬೇಕು ಅಂತ ಚಾಮರಾಜನಗರದಲ್ಲಿ ನಮಗೆ ಮೂರು ದಿನ ತರಬೇತಿ ಕೊಟ್ಟಿದ್ರು. ಕೊನೇಲಿ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಹಂಚಿದ್ರು. ಬೇರೆಯವರಿಗೆ ಹಸು, ರೈಲು, ತೆಂಗಿನಮರ ಬಂತು. ನನಗೆ ಡೈನೋಸಾರ್ ಬಂತು.

೧. ಊಟದ ಏರ್ಪಾಟು

"ಸೋಮವಾರ ನಿಮಗೆಲ್ಲ ಡೈನೋಸಾರ್ ತೋರಿಸ್ತೀನಿ" ಅಂತ ಮಕ್ಕಳಿಗೆ ಹೇಳ್ದೆ. ನಮ್ಮ ಕಡೆ ಮೇಷ್ಟ್ರನ್ನ ಕರೆಯೋದೇ ಸಾರ್ ಅಂತ. ಮಕ್ಕಳು ಮನೆಗೆ ಹೋಗಿ, ಸೋಮವಾರ ಡೈನೋ ಸಾರ್ ಬತ್ತಾರಂತೆ ಅಂದವೆ. ಇದು ನನಗೆ ಗೊತ್ತಿಲ್ಲ.

ಸೋಮವಾರ ಬೆಳಗ್ಗೆ ನಾನು ಮುಖಕ್ಷೌರ ಮಾಡ್ಕೊಳ್ತಿದ್ದೆ. ಬಾಡಿಗೆ ಮನೆ ಯಜಮಾನಮ್ಮ, ಹಣೆ ತುಂಬ ವಿಭೂತಿ ಇಟ್ಟ ಹಿರಿಜೀವ, ಬಾಗಿಲಿಗೆ ಬಂದು, "ಡೈನೋಸಾರ್ ದಿಟವಾಗ್ಲೂ ಬತ್ತಾರಾ ಮೇಷ್ಟ್ರೇ? ಊಟಕ್ಕೇನು?" ಅಂದ್ರು.

ಈ ವಯಸ್ಸಲ್ಲೂ ಪ್ರಾಣಿಗಳ ಬಗ್ಗೆ ಎಂಥಾ ಆಸಕ್ತಿ ಅನ್ನಿಸ್ತು. "ಬರೀ ಸೊಪ್ಪು ಕಣಮ್ಮ. ಮಾಂಸ ಮುಟ್ಟೋದೇ ಇಲ್ಲ" ಅಂದೆ.

ಆಯಮ್ಮನ ಮುಖ ಅರಳಿಬಿಡ್ತು. "ಹಂಗಾರೆ ನಮ್ಮೋರೇ ಬುಡಿ!"

ಮಧ್ಯಾಹ್ನ ತಲೆ ಮೇಲೆ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು ಹೊತ್ಕೊಂಡು ಸ್ಕೂಲಿಗೇ ಬಂದ್ರು. "ಎಲ್ಲವ್ರೆ?" ಅಂದ್ರು. ಆಗ ನನಗೆ ಅರ್ಥ ಆಯ್ತು. ಚಿತ್ರ ತೆಗೆದು ತೋರಿಸ್ದೆ.

ಬೆಟ್ಟದಂಥ ಮೈ, ಅದರ ಮೇಲೆ ತೆಂಗಿನಮರದಂಥ ಕತ್ತು. ಆಯಮ್ಮ ಸೆರಗು ಬಾಯಿಗಿಟ್ಕೊಂಡು ಸುಮಾರು ಹೊತ್ತು ನೋಡಿದ್ರು. ಆಮೇಲೆ ಮೆಲ್ಲಗೆ ಕೇಳಿದ್ರು:

"ಶಿವ ಶಿವಾ! ಈ ಕತ್ತಿಗೆ ಲಿಂಗ ಕಟ್ಟಕ್ಕೆ ಎಷ್ಟು ಮಾರು ಶಿವದಾರ ಬೇಕು ಮೇಷ್ಟ್ರೇ?"

೨. ಹದಿನಾರು ತುಂಡು

ಚಿತ್ರನ ರಟ್ಟಿಗೆ ಅಂಟಿಸಿ ಹದಿನಾರು ತುಂಡು ಮಾಡಬೇಕು, ಮಕ್ಕಳು ಅದನ್ನ ಜೋಡಿಸಬೇಕು. ತರಬೇತೀಲಿ ಕಲಿಸಿದ ಎರಡು ಆಟದಲ್ಲಿ ಇದು ಮೊದಲ್ನೇದು. ಅಂಟು ಎಲ್ಲಿಂದ ತರೋದು? ರಾಗಿ ಗಂಜಿ ಬಳಿದು ಅಂಟಿಸ್ದೆ, ಕತ್ತರಿಸ್ದೆ, ಸ್ಕೂಲಿನ ಜಗಲಿ ಮೇಲೆ ಬಿಸಿಲಿಗೆ ಹರಡ್ದೆ. ಒಳಗೆ ಹೋಗಿ ಮಗ್ಗಿ ಹೇಳಿಸ್ತಿದ್ದೆ.

ಒಂದು ಹುಡುಗಿ ನೀರು ಕುಡಿಯಕ್ಕೆ ಹೋದವಳು ಕಿರುಚ್ಕೊಂಡು ಬಂದ್ಲು. "ಸಾ! ತಲೆ ತಿಂದ್ಬುಡ್ತು ಸಾ!"

"ಯಾರ್ದಮ್ಮಿ ತಲೆ?" ಅಂತ ಕೂಗ್ತಾ ಓಡ್ದೆ. ಹಿಂದೆ ಮಕ್ಕಳೆಲ್ಲ ಓಡಿಬಂದ್ವು.

ಜಗಲಿ ಮೇಲೆ ಊರಿನ ಒಂದು ಆಡು ನಿಂತಿತ್ತು. ಗಂಜಿ ರುಚಿ ಹತ್ತಿತ್ತು. ತಲೆ, ಕತ್ತು, ಹೊಟ್ಟೆ ಎಲ್ಲ ಮುಗಿಸಿ ಬಾಲಕ್ಕೆ ಬಂದಿತ್ತು. ನಮ್ಮನ್ನ ನೋಡ್ತಾನೇ ಅದನ್ನೂ ಅಗಿದು ನುಂಗ್ತು.

ಡೈನೋಸಾರ್ ಹೆಂಗೆ ನಾಶ ಆದ್ವು ಅಂತ ತರಬೇತೀಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮೂರಲ್ಲಿ ಕಣ್ಣಾರೆ ಕಂಡ ಸಾಕ್ಷಿಗಳೇ ಮೂವತ್ತು ಜನ ಇದ್ರು.

೩. ಚುಕ್ಕಿ

ಉಳಿದಿದ್ದು ಒಂದೇ ಆಟ. ಚುಕ್ಕಿ ಇಟ್ಟು ಪಕ್ಕದಲ್ಲಿ ಒಂದು, ಎರಡು ಅಂತ ಅಂಕಿ ಬರೆಯೋದು. ಮಕ್ಕಳು ಅಂಕಿ ನೋಡ್ಕೊಂಡು ಗೆರೆ ಎಳೆದ್ರೆ ಡೈನೋಸಾರ್ ಮೂಡ್ತದೆ. ಗುರುವಾರ ಬೆಳಗ್ಗೆ ಸ್ಕೂಲಿನ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಚುಕ್ಕಿ ಇಟ್ಟು, ಇನ್ಸ್‌ಪೆಕ್ಟರನ್ನ ಕರ್ಕೊಂಡು ಬರಕ್ಕೆ ತೆರಕಣಾಂಬಿಗೆ ನಡೆದೆ.

ದಾರಿಯುದ್ದಕ್ಕೂ ಹೊಗಳಿಕೊಂಡು ಬಂದೆ. "ಡೈನೋಸಾರ್ ನೆಲದ ಮೇಲೇ ಮೂಡ್ತದೆ ಸಾರ್, ನೋಡಿ!"

ಬಂದು ನೋಡಿದ್ರೆ ಅಂಗಳದ ತುಂಬ ಎಂಟೆಸಳಿನ ಕಮಲ.

ಸ್ಕೂಲಿನ ಕಸ ಗುಡಿಸೋ ಅಜ್ಜಿ ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. "ನಾನೇ ರಂಗೋಲಿ ಬುಟ್ಟೆ ಕಣ್ ಬುದ್ದಿ" ಅಂತು ಇನ್ಸ್‌ಪೆಕ್ಟರಿಗೆ. "ಮೇಷ್ಟ್ರು ಚುಕ್ಕಿ ಮಡಗಿ ಗೆರೆ ಎಳೆಯಕ್ಕೆ ಬರ್ದೆ ಓಡೋಗವ್ರೆ. ಚುಕ್ಕಿನೂ ಸೊಟ್ಟ! ಪಕ್ಕದಲ್ಲಿ ಏನೇನೋ ಗೀಚಿದ್ರು, ಒರೆಸ್ಬುಟ್ಟು ಸರಿ ಮಾಡ್ದೆ. ಗಂಡಸ್ರಿಗೆ ಎಲ್ಲಿ ಬಂದದು?"

ನನಗೆ ಕುದೇರಿನ ಮಾವನ ಮನೆ ಬಾಗಿಲು ಧಡ್ ಅಂತ ಮುಚ್ಚಿದ ಹಂಗಾಯ್ತು.

ಇನ್ಸ್‌ಪೆಕ್ಟರು ಕಮಲದ ನಡುವೆ ಹೋಗಿ ನಿಂತು ಮಕ್ಕಳ ಕಡೆ ತಿರುಗಿದ್ರು. "ಎಲ್ರಪ್ಪಾ ನಿಮ್ಮ ಡೈನೋಸಾರ್?"

ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕೈಕಟ್ಟಿ ಎದ್ದು ನಿಂತ್ಲು. "ನಿಮ್ಮ ಕಾಲಡಿ ಅದೆ ಸಾ."

"ಏನು?"

"ಎಲ್ಲಾ ಸತ್ತು ಮಣ್ಣಾಗೆ ಹೂತೋಗವೆ ಸಾ. ಮೂಳೆ ಬೇಕು ಅಂದ್ರೆ ನೆಲ ಅಗೀಬೇಕು. ನಮ್ಮ ಸಾರೇ ಹೇಳವ್ರೆ."

ಇನ್ಸ್‌ಪೆಕ್ಟರು ಸರಕ್ಕನೆ ಹಿಂದಕ್ಕೆ ನೆಗೆದ್ರು. ಬೆವರು ಒರೆಸ್ಕೊಂಡ್ರು. ಕುರ್ಚಿ ತರಿಸಿ ಜಗಲಿ ಮೇಲೆ ಹಾಕ್ಸಿದ್ರು, ಕೂತ್ರು, ತಪಾಸಣೆ ಪುಸ್ತಕ ತೆಗೆದು, "ಮಕ್ಕಳಿಗೆ ಪಾಠ ಚೆನ್ನಾಗಿ ನಾಟಿದೆ, ಇವರನ್ನು ಖಾಯಂ ಮಾಡಬಹುದು" ಅಂತ ಬರೆದು ಸಹಿ ಹಾಕಿದ್ರು. ನನಗೆ ನಂಬಕ್ಕಾಗ್ಲಿಲ್ಲ.

ಪುಸ್ತಕ ಮುಚ್ಚದೇನೇ ನನ್ನ ಕಿವಿ ಹತ್ರ ಬಗ್ಗಿದ್ರು. "ಮೇಷ್ಟ್ರೇ, ಈ ಅಂಗಳದಲ್ಲಿ ಎಷ್ಟು ಅಡಿ ಅಗೆದ್ರೆ ಡೈನೋಸಾರ್ ಸಿಗ್ತದೆ?"

ಇಲ್ಲಿ ಏನೂ ಇಲ್ಲ ಸಾರ್ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಪುಸ್ತಕದ ಕಡೆ ನೋಡ್ದೆ. ಸಹಿ ಇನ್ನೂ ಒಣಗಿರಲಿಲ್ಲ.

"ಹತ್ತಡಿ ಸಾರ್" ಅಂದೆ.